ಹಸಿವು ವಾಪಸ್ ಬಂತು, ನಾನು ಯಾರಿಗೂ ಹೇಳಲಿಲ್ಲ

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಎಲೆ ಮುಂದೆ ಕೂತಿದ್ದೆ. ಒಬ್ಬಟ್ಟು ಎರಡನೇ ಸಲ ಬಂದಾಗ ಬೇಡ ಅನ್ನಲಿಲ್ಲ, ಅರ್ಧ ಹಾಕಿ ಅಂದೆ. ಎದುರು ಸಾಲಿನಿಂದ ಒಂದು ದನಿ ಬಂತು. "ಏನಮ್ಮಾ, ಹೊಟ್ಟೆ ಕತ್ತರಿಸಿಕೊಂಡ ಮೇಲೂ ಒಬ್ಬಟ್ಟಿನ ಮೇಲೆ ಆಸೆ ಹೋಗಿಲ್ವಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಅರ್ಧ ಒಬ್ಬಟ್ಟನ್ನು ತಿನ್ನಲಿಲ್ಲ. ಎಲೆ ಮಡಚಿ ಎದ್ದೆ. ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಲೈಟ್ ಹಾಕದೆ, ಕಟ್ಟಿಕೊಟ್ಟಿದ್ದ ಡಬ್ಬಿಯಿಂದ ಎರಡು ಪೂರ್ತಿ ಒಬ್ಬಟ್ಟು ತಿಂದೆ.

ಈ ಕೊನೇ ವಾಕ್ಯ ಬರೆಯೋಕೆ ನನಗೆ ಹತ್ತು ದಿನ ಬೇಕಾಯಿತು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಎರಡು ವರ್ಷ ಮೂರು ತಿಂಗಳ ಹಿಂದೆ, ಗಣೇಶನ ಹಬ್ಬ ಮುಗಿದ ವಾರ, ನನಗೆ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಯಿತು. ಆಗ 112 ಕೆಜಿ ಇದ್ದೆ. ಎತ್ತರ ಐದಡಿ ಎರಡಿಂಚು. ಶುಗರ್ ಇತ್ತು, ಮಂಡಿ ನೋವಿತ್ತು, ನನ್ನ ಗೊರಕೆ ತಡೆಯಲಾರದೆ ಮಗಳು ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿ ಮಲಗುತ್ತಿದ್ದಳು. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಚೀಲ. ಹದಿನಾಲ್ಕು ತಿಂಗಳಲ್ಲಿ 71ಕ್ಕೆ ಬಂದೆ. ಆಮೇಲೆ 79ರವರೆಗೆ ಏರಿ ಈಗ 76ರಲ್ಲಿದ್ದೇನೆ. ಇಳಿದ ಕಥೆ ಎಲ್ಲರಿಗೂ ಬೇಕು. ಏರಿದ ಕಥೆ ಯಾರೂ ಕೇಳುವುದಿಲ್ಲ, ಹೇಳುವವರೂ ಹೇಳುವುದಿಲ್ಲ.

ಮೊದಲ ವರ್ಷ ನನಗೆ ಹಸಿವೇ ಇರಲಿಲ್ಲ. ಕಡಿಮೆ ಹಸಿವು ಅಲ್ಲ, ಇಲ್ಲವೇ ಇಲ್ಲ. ಊಟಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ. ಯುಗಾದಿಗೆ ಹನ್ನೆರಡು ಜನಕ್ಕೆ ಅಡುಗೆ ಮಾಡಿದೆ, ಉಪ್ಪು ನೋಡೋಕೆ ಗಂಡನನ್ನು ಕರೆದೆ. ಪಕ್ಕದ ಮನೆಯಿಂದ ಇಂಗು ಕರಿಬೇವಿನ ಒಗ್ಗರಣೆ ವಾಸನೆ ಬಂದರೆ ಅದು ವಾಸನೆ ಅಷ್ಟೇ, ಬಾಯಲ್ಲಿ ನೀರು ಬರುತ್ತಿರಲಿಲ್ಲ. ಜನ ಇದನ್ನು ವರ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಆದರೆ ಒಳಗೊಳಗೆ ಏನೋ ಒಂದು ಬಣಬಣ. ಮನೆಯಲ್ಲಿ ಒಬ್ಬರು ಕಡಿಮೆಯಾದ ಹಾಗೆ.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಹೊಟ್ಟೆ ಖಾಲಿ ಅಂತ ಮಿದುಳಿಗೆ ಹೇಳುವ ಒಂದು ಹಾರ್ಮೋನ್ ಇದೆ, ಗ್ರೆಲಿನ್ ಅಂತ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಎಂಬ ವಿಜ್ಞಾನಿಗಳ ತಂಡ ಇದನ್ನು ಕಂಡುಹಿಡಿಯಿತು. ಇದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದೂ ಅದೇ ಉಬ್ಬನ್ನು. ಶಾಲೆಯಲ್ಲಿ ಊಟದ ಗಂಟೆ ಹೊಡೆಯುವ ಜವಾನನನ್ನೇ ಕೆಲಸದಿಂದ ತೆಗೆದ ಹಾಗೆ. ಇನ್ನು ಜೀವನಪೂರ್ತಿ ಗಂಟೆ ಇಲ್ಲ ಅಂತ ನಾನು ನಂಬಿಬಿಟ್ಟಿದ್ದೆ.

ಹದಿನಾರನೇ ತಿಂಗಳು, ಜನವರಿ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದೆ, ದಿನಾ ಇಳಿಯುವ ಹಾಗೆ. ಅವರೆಕಾಯಿ ಕಾಲ. ವಿ.ವಿ. ಪುರದ ತಿಂಡಿ ಬೀದಿ ಕಡೆಯಿಂದ ಹಿತಕಿದ ಬೇಳೆಯ ವಾಸನೆ ಬಂತು. ಹೊಟ್ಟೆ ಗುರ್ ಅಂದಿತು. ಪಕ್ಕದಲ್ಲಿ ನಡೆಯುತ್ತಿದ್ದ ಹುಡುಗಿ ತಿರುಗಿ ನೋಡುವಷ್ಟು ಜೋರಾಗಿ! ಅಲ್ಲೇ ನಿಂತುಬಿಟ್ಟೆ. ನಿಜ ಹೇಳಲಾ? ಮೊದಲು ಖುಷಿಯಾಯಿತು. ಹಳೇ ಗೆಳತಿ ಹೆಸರು ಹಿಡಿದು ಕೂಗಿದ ಹಾಗಿತ್ತು. ಮನೆ ಗವೀಪುರದಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಖುಷಿ ಹೋಗಿ ಕೈಕಾಲು ತಣ್ಣಗಾಗಿತ್ತು. ಆಪರೇಷನ್ ಫೇಲಾಯಿತು ಅಂತ ತೀರ್ಮಾನ ಮಾಡಿದೆ. ಅಷ್ಟು ಲಕ್ಷ ಖರ್ಚು, ಗಂಡನ ಪಿ.ಎಫ್. ದುಡ್ಡು, ಅಮ್ಮನ ಬೈಗುಳ, ಎಲ್ಲ ವೇಸ್ಟ್ ಅಂತ.

ಅದಕ್ಕೇ ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ. ವರ್ಷಕ್ಕೊಮ್ಮೆಯ ತಪಾಸಣೆಗೆ ಕರೆದರೆ ಆಫೀಸಿನಲ್ಲಿ ಆಡಿಟ್ ಇದೆ ಅಂದೆ.

ಹಸಿವು ನನಗೆ ಮಾಡಿದ ಹಾನಿ ಕಡಿಮೆ, ಅದನ್ನು ಮುಚ್ಚಿಟ್ಟಿದ್ದು ಮಾಡಿದ ಹಾನಿ ಜಾಸ್ತಿ. ಹಸಿವೇ ಇಲ್ಲ ಅಂತ ತೋರಿಸಿಕೊಳ್ಳೋಕೆ ಎಲ್ಲರ ಮುಂದೆ ಊಟಕ್ಕೆ ನಾಲ್ಕು ಚಮಚ ತಿಂದು ಏಳುತ್ತಿದ್ದೆ. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಧ ಕೋಡುಬಳೆ. ಪಾತ್ರೆ ತೊಳೆಯುವಾಗ ಇನ್ನರ್ಧ. ಮಗನ ತಟ್ಟೆಯಲ್ಲಿ ಉಳಿದ ಪೂರಿಯ ಚೂರು. ಟಿಫಿನ್ ಕಟ್ಟುವಾಗ ಚಿತ್ರಾನ್ನದ ಕಡಲೇಕಾಯಿ ಬೀಜ ಆರಿಸಿ ಆರಿಸಿ. ಚೀಲ ಸಣ್ಣದು ನಿಜ, ಒಂದೇ ಸಲಕ್ಕೆ ಜಾಸ್ತಿ ಹಿಡಿಸುವುದಿಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಇಷ್ಟಿಷ್ಟೇ ಹಾಕುತ್ತಾ ಹೋದರೆ ಇಡೀ ದಿನ ತಿನ್ನಬಹುದು, ಯಾವ ಚೀಲವೂ ತಡೆಯುವುದಿಲ್ಲ. ಚಕ್ಲಿ, ನಿಪ್ಪಟ್ಟು, ಬಿಸ್ಕತ್ತು, ಐಸ್‌ಕ್ರೀಮ್, ಇವೆಲ್ಲ ಬಾಯಲ್ಲೇ ಪುಡಿಯಾಗಿ ಅಥವಾ ಕರಗಿ ಸಲೀಸಾಗಿ ಜಾರಿಹೋಗುತ್ತವೆ. ಹೊಟ್ಟೆ ತುಂಬಿತು ಅನ್ನೋ ಸುಳಿವೇ ಕೊಡುವುದಿಲ್ಲ.

ರಾತ್ರಿ ಹಾಸಿಗೆಯಲ್ಲಿ ಅಡುಗೆ ವಿಡಿಯೋ ನೋಡುವ ಚಟ ಬೇರೆ ಹತ್ತಿತು. ಉತ್ತರ ಕರ್ನಾಟಕದ ಎಣ್ಣೆಗಾಯಿ, ಮಂಗಳೂರಿನ ನೀರುದೋಸೆ, ನೋಡಿದ್ದೇ ನೋಡಿದ್ದು. ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಆರೋಗ್ಯವಾಗಿದ್ದ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ. ಆ ಹುಡುಗರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ, ಕನಸಿನಲ್ಲೂ ಊಟವೇ. ಆಮೇಲೆ ಹೊಟ್ಟೆ ತುಂಬ ಊಟ ಕೊಟ್ಟ ಮೇಲೂ ಕೆಲವರಿಗೆ ಎಷ್ಟೋ ಕಾಲ ಹಸಿವು ಹೋಗಲಿಲ್ಲ. ಇದನ್ನು ಓದಿದ ರಾತ್ರಿ ಮೊದಲ ಸಲ ನನ್ನ ಮೇಲೆ ನನಗೇ ಸ್ವಲ್ಪ ಕನಿಕರ ಬಂತು. ಇದು ನನ್ನ ನಾಲಿಗೆಯ ಕೊಬ್ಬು ಮಾತ್ರ ಅಲ್ಲ, ಕೊಬ್ಬು ಕಳೆದುಕೊಂಡ ಮೈ ಯಾರದ್ದಾದರೂ ಹೀಗೇ ಮಾಡುತ್ತದೆ, ಅಲ್ವಾ?

ಜುಲೈನಲ್ಲಿ 79 ಮುಟ್ಟಿದಾಗ ಹೆದರಿ ಡಾಕ್ಟರ್ ಹತ್ತಿರ ಹೋದೆ. ಬೈಸಿಕೊಳ್ಳೋಕೆ ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಒಂದೆರಡು ವರ್ಷ ಆದ ಮೇಲೆ ಹಸಿವು ಬರುವುದು, ತೂಕ ಸ್ವಲ್ಪ ಏರುವುದು ತುಂಬಾ ಜನಕ್ಕೆ ಆಗುತ್ತದೆ ಅಂದರು. ಗಂಟೆ ಹೊಡೆಯೋಕೆ ಇದ್ದಿದ್ದು ಆ ಜವಾನ ಒಬ್ಬನೇ ಅಲ್ಲ. ಉಳಿದ ಜಠರ, ಕರುಳು ಕೂಡ ಸ್ವಲ್ಪ ಗ್ರೆಲಿನ್ ಮಾಡುತ್ತವೆ. ಇನ್ನು ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನೋ ಹಾರ್ಮೋನ್, 'ಮನೆಯಲ್ಲಿ ದಾಸ್ತಾನು ಇದೆ' ಅಂತ ಮಿದುಳಿಗೆ ಹೇಳುವಂಥದ್ದು, ಕೊಬ್ಬು ಇಳಿದಂತೆ ಅದೂ ಇಳಿಯುತ್ತದೆ. ಆಗ ಮಿದುಳು ಬರಗಾಲ ಬಂತು ಅಂದುಕೊಂಡು ಕೂಗು ಹಾಕುತ್ತದೆ. "ಮೊದಲೇ ಹೇಳಿದ್ದೆವಲ್ಲ" ಅಂದರು. ಹೇಳಿರಬಹುದು. ಆಪರೇಷನ್ನಿಗೆ ಮುಂಚೆ ನನ್ನ ಕಿವಿಗೆ ಕೇಳಿದ್ದು ಎಷ್ಟು ಕೆಜಿ ಇಳಿಯುತ್ತದೆ ಅನ್ನೋದೊಂದೇ.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಯಾವ ಹಸಿವು?" ಅಂದರು. ನಮ್ಮ ಕನ್ನಡದಲ್ಲೇ ಇದಕ್ಕೆ ಬೇರೆ ಬೇರೆ ಮಾತಿದೆ ನೋಡಿ. ಹಸಿವು ಬೇರೆ, ಚಪಲ ಬೇರೆ, ಬಯಕೆ ಬೇರೆ, ಸಂಕಟ ಬೇರೆ. ನಾನು ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿ 'ಫೇಲು' ಅಂತ ಚೀಟಿ ಅಂಟಿಸಿದ್ದೆ.

ಒಂದು ಉದಾಹರಣೆ ಹೇಳುತ್ತೇನೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಏಪ್ರಿಲ್‌ನಿಂದ ನನಗೆ ಹಸಿ ಅಕ್ಕಿ ತಿನ್ನೋ ಆಸೆ ಶುರುವಾಗಿತ್ತು. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ. ಫ್ರಿಜ್‌ನಿಂದ ಐಸ್ ತೆಗೆದು ಕಟಕಟ ಕಡಿಯುವುದು ಬೇರೆ. ಬಸುರಿಯರಿಗೆ ಬರೋ ಹಾಗೆ, ನಲವತ್ತೇಳನೇ ವಯಸ್ಸಿನಲ್ಲಿ! ನಾಚಿಕೆಯಾಗಿ ಬಚ್ಚಿಟ್ಟಿದ್ದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ತಳ ಮುಟ್ಟಿತ್ತು. ಕಬ್ಬಿಣ ಕಡಿಮೆಯಾದರೆ ಮಣ್ಣು, ಅಕ್ಕಿ, ಐಸ್ ತಿನ್ನುವ ಬಯಕೆ ಬರುತ್ತದಂತೆ. ಈ ಆಪರೇಷನ್ ಆದವರಿಗೆ ಕಬ್ಬಿಣ, ಬಿ12 ಕಡಿಮೆಯಾಗುವುದು ಸಾಮಾನ್ಯ, ಮಾತ್ರೆ ಜೀವನಪೂರ್ತಿ ಬೇಕು. ನಾನು ತೂಕ ಇಳಿದ ಖುಷಿಯಲ್ಲಿ ಮಾತ್ರೆ ಬಿಟ್ಟಿದ್ದೆ. ತೆಗೆದುಕೊಳ್ಳುವಾಗಲೂ ಬೆಳಗ್ಗೆ ಕಾಫಿ ಜೊತೆಗೇ ನುಂಗುತ್ತಿದ್ದೆ. ಕಾಫಿ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು, ಎರಡು ಗಂಟೆ ಅಂತರ ಬೇಕು. ಸರಿಯಾಗಿ ತೆಗೆದುಕೊಂಡ ಮೇಲೆ ಕೆಲವೇ ವಾರಗಳಲ್ಲಿ ಅಕ್ಕಿ ಡಬ್ಬಿ ನನ್ನನ್ನು ಕರೆಯೋದು ನಿಲ್ಲಿಸಿತು. ಅಷ್ಟು ತಿಂಗಳು ನಾನು ನನ್ನ ಮನಸ್ಸಿನ ಜೊತೆ ಕುಸ್ತಿ ಆಡಿದ್ದು ಸುಮ್ನೆ.

ರಾತ್ರಿ ಹನ್ನೊಂದರ ಹಸಿವು ಅಂದುಕೊಂಡಿದ್ದು ಅರ್ಧ ಆಸಿಡ್. ಸ್ಲೀವ್ ಆದವರಿಗೆ ಎದೆಯುರಿ ಬರುವುದು ಜಾಸ್ತಿ. ಹೊಟ್ಟೆಯ ಬಾಯಿಯಲ್ಲಿ ಚುರುಗುಟ್ಟಿದರೆ ನಾನು ಹಸಿವು ಅಂತ ಬ್ರೆಡ್ ತಿನ್ನುತ್ತಿದ್ದೆ, ಐದು ನಿಮಿಷ ಸುಮ್ಮನಿದ್ದು ಮತ್ತೆ ಚುರುಗುಟ್ಟುತ್ತಿತ್ತು. ಅದಕ್ಕೆ ಔಷಧಿ ಇದೆ, ಬ್ರೆಡ್ ಅಲ್ಲ.

ಇನ್ನು ನಿಜವಾದ ಹಸಿವು. ಇದಕ್ಕೆ ಕಾರಣ ನಮ್ಮ ಅನ್ನ ಸಾರು ಅಂದರೆ ನನ್ನ ಅಮ್ಮ ಇವತ್ತಿಗೂ ಒಪ್ಪುವುದಿಲ್ಲ. ಮೆತ್ತಗಿನ ಅನ್ನಕ್ಕೆ ತಿಳಿಸಾರು ಸುರಿದು ಕಲಸಿದರೆ ಅದು ಆ ಸಣ್ಣ ಚೀಲದಲ್ಲಿ ನಿಲ್ಲುವುದೇ ಇಲ್ಲ, ಮೋರಿಯಲ್ಲಿ ಮಳೆನೀರು ಹೋದ ಹಾಗೆ ಹೋಗುತ್ತದೆ. ಒಂದು ಗಂಟೆಗೆ ಮತ್ತೆ ಹಸಿವು. ದರ್ಶಿನಿಯಲ್ಲಿ ನಿಂತುಕೊಂಡು ಏಳು ನಿಮಿಷದಲ್ಲಿ ಎರಡು ಇಡ್ಲಿ ಸಾಂಬಾರಲ್ಲಿ ಮುಳುಗಿಸಿ ತಿಂದು, ಹಿಂದೆಯೇ ಬೈ ಟೂ ಕಾಫಿ ಕುಡಿಯೋದು ನಮ್ಮ ಊರಿನ ಧರ್ಮ. ಆದರೆ ಊಟವಾಗಿ ಅರ್ಧ ಗಂಟೆ ಏನೂ ಕುಡಿಯಬಾರದು ಅಂತ ಡಾಕ್ಟರು ಹೇಳುವುದು ಸುಮ್ಮನೆ ಅಲ್ಲ. ಬೇಗ ಇಳಿದುಹೋಗುವುದನ್ನು ಇನ್ನೂ ಬೇಗ ತಳ್ಳಿದ ಹಾಗಾಗುತ್ತದೆ.

ಮುದ್ದೆಯದ್ದು ಇನ್ನೂ ದೊಡ್ಡ ಫಜೀತಿ. ನಮ್ಮದು ಮಂಡ್ಯ ಕಡೆ. ಮುದ್ದೆ ನುಂಗಬೇಕು, ಅಗಿಯಬಾರದು. ಚಿಕ್ಕವಳಿದ್ದಾಗ ಅಗಿದರೆ "ಏನು ದನದ ಹಾಗೆ ಮೆಲುಕು ಹಾಕ್ತೀಯ" ಅಂತ ಬೈಯುತ್ತಿದ್ದರು. ಈಗ ಡಯಟಿಷಿಯನ್ ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಿರಿ ಅನ್ನುತ್ತಾರೆ. ನಲವತ್ತು ವರ್ಷದ ಗಂಟಲಿನ ಅಭ್ಯಾಸ ಒಂದು ಆಪರೇಷನ್ನಿಗೆ ಹೋಗುತ್ತದಾ? ಮೊದಲ ಸಲ ಮರೆತು ನುಂಗಿದಾಗ ಎದೆಯಲ್ಲಿ ಕಲ್ಲು ಕೂತ ಹಾಗಾಗಿ ಕಣ್ಣಲ್ಲಿ ನೀರು ಬಂತು. ಈಗ ನಿಂಬೆ ಗಾತ್ರದ ಮುದ್ದೆ ಮಾಡಿಕೊಂಡು ಅಗಿಯುತ್ತೇನೆ. ರುಚಿ ಬೇರೆಯೇ. ಅಮ್ಮ ಮುಖ ತಿರುಗಿಸಿಕೊಳ್ಳುತ್ತಾಳೆ.

ಡಯಟಿಷಿಯನ್ ಕೊಟ್ಟ ಚಾರ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಲ್ಮನ್ ಮೀನು, ಬ್ರೊಕೊಲಿ, ಅವಕಾಡೊ, ಗ್ರೀಕ್ ಯೋಗರ್ಟ್. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಅಜ್ಜಿ ಹತ್ತಿರ ನಾನು ಯಾವ ಮುಖ ಇಟ್ಟುಕೊಂಡು ಬ್ರೊಕೊಲಿ ಕೇಳಲಿ? ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಬರೆದಿತ್ತು. ಒಂದು ಇಡ್ಲಿಯಲ್ಲಿ ಇರುವುದು ಎರಡು ಗ್ರಾಂ ಆಸುಪಾಸು. ಲೆಕ್ಕ ಹಾಕಿ ನಗು ಬಂತು. ಆಮೇಲೆ ನಾನೇ ಕೂತು ಲೆಕ್ಕ ಮಾಡಿದೆ. ಮೊಟ್ಟೆ ಒಂದಕ್ಕೆ ಆರು ಗ್ರಾಂ. ನೂರು ಗ್ರಾಂ ಪನೀರಿಗೆ ಹದಿನೆಂಟು. ಸೋಯಾ ತುಣುಕು ಒಣಗಿದ್ದು ನೂರು ಗ್ರಾಂಗೆ ಐವತ್ತರ ಮೇಲೆ. ಜೊತೆಗೆ ಹುರಿಗಡಲೆ, ಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಗಟ್ಟಿ ಮೊಸರು. ಭಾನುವಾರ ಕೋಳಿ. ಈಗ ತಟ್ಟೆಯಲ್ಲಿ ಮೊದಲು ಕಾಳು ಅಥವಾ ಮೊಟ್ಟೆ, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ನಮ್ಮ ಎಲೆ ಊಟದಲ್ಲಿ ಕೋಸಂಬರಿ ಪಲ್ಯ ಮೊದಲು ಬಡಿಸುವುದು ಇದಕ್ಕೇ ಇರಬೇಕು ಅಂತ ಒಬ್ಬರು ಹೇಳಿದರು. ಇದಕ್ಕೇನೂ ಅಲ್ಲ, ಆದರೂ ಅನುಕೂಲ.

ಸಂಜೆಯ ಹಸಿವಿಗೆ ನಾನು ಮೊದಲು ಮಾಡಿದ ಪೆದ್ದತನ ಕೇಳಿ. ತಿಂಡಿ ಬೀದಿ ವಾಸನೆ ತಪ್ಪಿಸೋಕೆ ಒಂದು ಸ್ಟೇಷನ್ ಮುಂದೆ ಹೋಗಿ ಲಾಲ್‌ಬಾಗ್‌ನಲ್ಲಿ ಇಳಿದು ನಡೆದು ಬರುತ್ತಿದ್ದೆ. ಬೆಂಗಳೂರಿನಲ್ಲಿ ತಿಂಡಿ ವಾಸನೆ ಇಲ್ಲದ ಯಾವ ರಸ್ತೆ ಇದೆ? ಲಾಲ್‌ಬಾಗ್ ಗೇಟಿನ ಹತ್ತಿರ ಚುರುಮುರಿ, ಅದು ದಾಟಿದರೆ ಅಯ್ಯಂಗಾರ್ ಬೇಕರಿ. ಕೆಲಸಕ್ಕೆ ಬಂದ ಉಪಾಯ ತುಂಬಾ ಸಪ್ಪೆ. ನಾಲ್ಕೂವರೆಗೆ ಆಫೀಸಿನಲ್ಲೇ ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿಗಡಲೆ, ಎಲ್ಲರ ಮುಂದೆ, ಡೆಸ್ಕ್ ಮೇಲೆ. ಮೊಟ್ಟೆ ವಾಸನೆ ಅಂತ ಒಬ್ಬರು ಗೊಣಗಿದರು. ಗೊಣಗಲಿ. ಆರು ಗಂಟೆಗೆ ಅದೇ ಹಿತಕಿದ ಬೇಳೆ ವಾಸನೆ ಬಂದರೆ ಚೆನ್ನಾಗಿದೆ ಅನ್ನಿಸುತ್ತದೆ, ಕಾಲು ಆ ಕಡೆ ತಿರುಗುವುದಿಲ್ಲ. ಹೆಚ್ಚಿನ ದಿನ ತಿರುಗುವುದಿಲ್ಲ ಅನ್ನೋಣ. ನಿದ್ದೆಗೆಟ್ಟ ದಿನ ಏನು ಮಾಡಿದರೂ ತಿರುಗುತ್ತದೆ. ನಿದ್ದೆ ಕಡಿಮೆಯಾದರೆ ಗ್ರೆಲಿನ್ ಏರುತ್ತದಂತೆ. ತಿಂಗಳ ಕೊನೆಯ ಆಫೀಸ್ ಲೆಕ್ಕಕ್ಕೂ ನನ್ನ ಬೋಂಡಾಕ್ಕೂ ಇರುವ ಸಂಬಂಧ ಆಗ ಅರ್ಥವಾಯಿತು.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಅಪ್ಪಟ ಚಪಲ. ಹೊಟ್ಟೆ ತುಂಬಿದೆ, ರಕ್ತ ಸರಿಯಿದೆ, ನಿದ್ದೆಯಾಗಿದೆ, ಆದರೂ ದಿಲ್‌ಪಸಂದ್ ಬೇಕು. ಇದಕ್ಕೆ ಹತ್ತು ನಿಮಿಷ ನಡೆಯಿರಿ, ನೀರು ಕುಡಿಯಿರಿ, ಹಲ್ಲುಜ್ಜಿ ಅಂತ ಹೇಳುತ್ತಾರೆ. ಕೆಲವು ಸಲ ಆಗುತ್ತದೆ. ಆಗದಿದ್ದಾಗ ನಾನು ತಿನ್ನುತ್ತೇನೆ. ಆದರೆ ಕೂತು, ತಟ್ಟೆಯಲ್ಲಿ ಹಾಕಿಕೊಂಡು, ಲೈಟ್ ಹಾಕಿಕೊಂಡು, ಮನೆಯವರು ಇರುವಾಗ. ಬೆಳಕಿನಲ್ಲಿ ಕಾಲು ಭಾಗಕ್ಕೇ ಸಾಕು ಅನ್ನಿಸುತ್ತದೆ, ಯಾಕೋ ಗೊತ್ತಿಲ್ಲ. ಕತ್ತಲಲ್ಲಿ ಡಬ್ಬಿ ಖಾಲಿಯಾಗುವವರೆಗೂ ಸಾಕು ಅನ್ನಿಸುವುದಿಲ್ಲ.

ಈಗ ಹೊಸದಾಗಿ ಎಲ್ಲರೂ ಕೇಳುವುದು ಹಸಿವು ತಗ್ಗಿಸಿ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ. ಮುಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಇಲ್ಲಿಗೆ ಬಂದವು. ಆಪರೇಷನ್ ಆಗಿ ತೂಕ ಮತ್ತೆ ಏರಿದವರಿಗೂ ಡಾಕ್ಟರುಗಳು ಇವನ್ನು ಕೊಡುವುದುಂಟು. ನನಗೆ ಸದ್ಯಕ್ಕೆ ಬೇಡ, ಬೇಕಾದರೆ ನೋಡೋಣ ಅಂದಿದ್ದಾರೆ. ನಾನು ತೆಗೆದುಕೊಳ್ಳುತ್ತಿಲ್ಲ ಅನ್ನೋದು ಹೆಮ್ಮೆಯ ವಿಷಯ ಅಲ್ಲ, ತೆಗೆದುಕೊಂಡರೆ ಅವಮಾನವೂ ಅಲ್ಲ. ಆಪರೇಷನ್ನೇ ಶಾರ್ಟ್‌ಕಟ್ ಅಂದವರು ಇದನ್ನೂ ಅನ್ನುತ್ತಾರೆ. ಹದಿನೈದು ದಿನ ಬರೀ ಗಂಜಿನೀರು ಕುಡಿದು ನೋಡಲಿ, ಎಷ್ಟು ಶಾರ್ಟ್ ಅಂತ ಗೊತ್ತಾಗುತ್ತದೆ.

ಆ ಎದುರು ಸಾಲಿನ ದನಿಯ ಮೇಲೆ ನನಗೆ ಕೋಪ ಇದೆ, ಇಲ್ಲ ಅನ್ನೋಲ್ಲ. 112 ಕೆಜಿ ಇದ್ದಾಗ ತಿಂದರೆ 'ಅದಕ್ಕೇ ಹೀಗಾಗಿದ್ದಾಳೆ'. ಇಳಿದ ಮೇಲೆ ತಿಂದರೆ 'ಆಪರೇಷನ್ ಆದ ಮೇಲೂ'. ತಿನ್ನದಿದ್ದರೆ 'ಒಂದು ತುತ್ತು ತಿಂದ್ರೆ ಏನಾಗುತ್ತೆ, ನಮ್ಮ ಮನೆ ಊಟ ರುಚಿ ಇಲ್ವಾ'. ನನ್ನ ತಟ್ಟೆಗೆ ಇಷ್ಟು ಜನ ಯಜಮಾನರು. ನಿಮ್ಮ ಮನೆಯಲ್ಲಿ ಈ ಆಪರೇಷನ್ ಆದವರಿದ್ದರೆ, ಅವರಿಗೆ ಹಸಿವಾದಾಗ ಹಸಿವಾಗಿದೆ ಅಂತ ಬಾಯಿಬಿಟ್ಟು ಹೇಳೋಕಾದರೂ ಬಿಡಿ. ನನಗೆ ಅದನ್ನು ಗಂಡನ ಹತ್ತಿರ ಹೇಳೋಕೆ ಆರು ತಿಂಗಳಾಯಿತು. ಹೇಳಿದಾಗ ಅವರು ಪೇಪರ್ ಕೆಳಗಿಟ್ಟು, "ಮತ್ತೆ ಏನು ಮಾಡ್ಲಿ, ಮೊಟ್ಟೆ ಬೇಯಿಸ್ಲಾ?" ಅಂದರು. ಅಷ್ಟೇ.

ಕಾರ್ತಿಕದ ಕೊನೇ ಸೋಮವಾರ ಕಡಲೇಕಾಯಿ ಪರಿಷೆಗೆ ಮಗಳ ಜೊತೆ ಹೋಗಿದ್ದೆ. ಹೋದ ವರ್ಷವೂ ಹೋಗಿದ್ದೆ, ಆಗ ಹಸಿವಿಲ್ಲದ ಕಾಲ, ದೊಡ್ಡ ಬಸವಣ್ಣನಿಗೆ ಕೈಮುಗಿದು ಜನ ನೋಡಿಕೊಂಡು ವಾಪಸ್ ಬಂದಿದ್ದೆ. ಈ ಸಲ ಬೇಯಿಸಿದ ಕಡಲೇಕಾಯಿಯ ಹಬೆ ಮೂಗಿಗೆ ಬಡಿದು ಹೊಟ್ಟೆ ಮತ್ತೆ ಗುರ್ ಅಂದಿತು. ಮಗಳಿಗೆ ಕೇಳಿಸಿತು.

"ಅಮ್ಮಾ, ಹಸಿವಾ ಚಪಲಾನಾ?"

"ಎರಡೂ" ಅಂದೆ.

ಅರ್ಧ ಸೇರು ತೆಗೆದುಕೊಂಡು ಬ್ಯೂಗಲ್ ರಾಕ್ ಕಡೆ ಒಂದು ಕಟ್ಟೆ ಮೇಲೆ ಕೂತೆವು. ಸಿಪ್ಪೆ ಸುಲಿದು ಒಂದೊಂದೇ ತಿನ್ನಬೇಕಲ್ಲ, ನಿಧಾನವಾಗುತ್ತದೆ. ಉಗುರು ನೋಯೋಕೆ ಶುರುವಾಯಿತು. ಮುಕ್ಕಾಲು ಭಾಗ ಅವಳೇ ತಿಂದಳು. ಉಳಿದಿದ್ದನ್ನು ಸೀರೆ ಸೆರಗಿಗೆ ಕಟ್ಟಿಕೊಂಡು ಬಂದೆ, ಅಮ್ಮನಿಗೆ.